ಭಾವನ ತಲೆಯೊಳಗಿನ ಪೊರೆ

ಕಿಟಕಿಯ ಬಾಗಿಲಿಗೆ ತಲೆ ಬಡಿದುಕೊಂಡದ್ದನ್ನು ಭಾವ ತನಗೆ ಹೇಳಲೇ ಇಲ್ಲವಲ್ಲ, ಆ ಸಿಟ್ಟು ಮೆಣಸಿನಕಾಯಿಗೆ ಇನ್ನೂ ಇಳಿದಿಲ್ಲ. ಹೇಳಿದ್ದರೆ ತನ್ನ ನಾಲಿಗೆ ಅಷ್ಟು ಹೊಲಸಾಗುತ್ತಿರಲಿಲ್ಲ ಎನ್ನುವುದು ಅವನ ವಾದ.

ಬೀದಿಯವರು ಮೆಣಸಿನಕಾಯಿ ಎಂದು ಕರೆಯುವ ಈ ಪೇಂಟರ್‌ಗೆ ಬ್ರಷ್ ಹಿಡಿಯಲು ಕಲಿಸಿದವನೇ ಅಕ್ಕನ ಗಂಡ. ಇಪ್ಪತ್ತು ವರ್ಷ ಇಬ್ಬರದೂ ಜೋಡಿ ಕೆಲಸ. ಭಾವನದು ಒಂದು ಹಟ: ಹಳೆಯ ಡಬ್ಬ ತೆರೆದರೆ ಬಣ್ಣದ ಮೇಲೆ ಕಟ್ಟಿದ ಕೆನೆಯನ್ನು ಇಡಿಯಾಗಿ ಎತ್ತಬೇಕು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಬೇಕು. ಕಲಕಿದರೆ ಕೆಟ್ಟಿತು, ಎಲ್ಲ ಗಂಟುಗಂಟು.

ಅಂಥ ಭಾವನೇ ಒಂದು ಬೆಳಿಗ್ಗೆ ಕೆನೆ ಸಮೇತ ಕಲಕಿ, ಗಿರಾಕಿಯ ಮನೆಯ ಬಾಗಿಲಿಗೆ ಬಳಿದಿದ್ದ. ಬಾಗಿಲ ತುಂಬ ಸಿಂಬಳ ಒರೆಸಿದ ಹಾಗೆ. ಬಾಯಲ್ಲಿ ಜೊಲ್ಲು, ಪ್ಯಾಂಟು ಒದ್ದೆ, ಒಂದು ಕಾಲು ಎಳೆಯುತ್ತಿದ್ದ. ಮೆಣಸಿನಕಾಯಿ ಮೂಗು ಮುಚ್ಚಿಕೊಂಡ.

"ಬೆಳಿಗ್ಗೇನೇ ಏರಿಸ್ಕೊಂಡು ಬಂದಿದೀಯಾ? ಥೂ, ನಾಚಿಕೆ ಆಗಲ್ವಾ ನಿನಗೆ?" ಇಷ್ಟು ವರ್ಷದಲ್ಲಿ ಭಾವನಿಗೆ ಮೊದಲ ಏಕವಚನ, ಅದೂ ಮನೆಯ ಯಜಮಾನಿಯ ಎದುರಿಗೆ.

"ಇಲ್ವೋ... ತಲೆ..."

"ತಲೆ ಅಂತ ಒಂದಿದ್ರೆ ತಾನೇ ನೋಯೋಕೆ! ನಡಿ ಇಲ್ಲಿಂದ!"

ಸೋಸುವ ಬಟ್ಟೆಯನ್ನು ಭಾವನ ಮುಖಕ್ಕೇ ಎಸೆದ. ಭಾವ ಅದನ್ನು ಮಡಚಿ ಏಣಿಯ ಮೆಟ್ಟಿಲಿನ ಮೇಲಿಟ್ಟು ಹೊರಟುಹೋದ.

ಮರುದಿನ ಎಷ್ಟು ಅಲುಗಾಡಿಸಿದರೂ ಭಾವ ಕಣ್ಣು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು.

"ಮಿದುಳಿನ ಹೊದಿಕೆ ಕೆಳಗೆ ಹಳೇ ರಕ್ತ ನಿಂತಿದೆ. ಅದರ ಸುತ್ತ ಪೊರೆ ಬೆಳೆದಿದೆ. ಪೊರೆಯಲ್ಲಿ ಹುಟ್ಟೋ ರಕ್ತನಾಳ ತುಂಬ ನಾಜೂಕು, ಅವು ಸೋರಿ ಸೋರಿ ರಕ್ತ ಹೆಚ್ಚಿ ಮಿದುಳನ್ನ ಒತ್ತಿದೆ. ತಲೆಗೆ ಏಟು ಬಿದ್ದಿತ್ತಾ?"

"ಎರಡು ತಿಂಗಳ ಹಿಂದೆ, ಕಿಟಕಿ ಬಾಗಿಲು ತಾಗಿ," ಅಂದಳು ಅಕ್ಕ. ತಮ್ಮನ ಕಡೆ ತಿರುಗಿ, "ನಿನಗೆ ಹೇಳಿದ್ರೆ ಕೂಗಾಡ್ತೀಯ, ಹೇಳ್ಬೇಡ ಅಂದಿದ್ರು ಕಣೋ."

"ಆ ಕೆನೆ ಎತ್ತಿ ಬಿಸಾಕಿ ಮೇಡಂ!"

"ಪೂರ್ತಿ ತೆಗೆಯೋಕಾಗಲ್ಲ. ಬುರುಡೆಗೆ ತೂತು ಮಾಡಿ ರಕ್ತ ಬಸೀತೀವಿ. ಮತ್ತೆ ಸೋರಿದ್ರೆ ಮತ್ತೆ."

ಕೊಳವೆಯಲ್ಲಿ ಇಳಿದದ್ದು ಸುಟ್ಟ ಇಂಜಿನ್ ಆಯಿಲಿನಂಥ ಕಪ್ಪು ನೀರು. ಮೆಣಸಿನಕಾಯಿ ಅದನ್ನು ದಿಟ್ಟಿಸಿ ನೋಡಿದ. ತಾನು ಉಗಿದ ಮಾತು ನೆನಪಾದಾಗಲೇ ಅವನು ಮುಖ ತಿರುಗಿಸಿದ್ದು.

ವಾರದ ಮೇಲೆ ಭಾವ ಎದ್ದು ಕೂತ. ಮಾತು ಸ್ಪಷ್ಟ.

"ಭಾವ, ಅವತ್ತು ನಾನು ನಿಮಗೆ..."

"ಯಾವತ್ತೋ?"

ಭಾವನಿಗೆ ಆ ದಿನಗಳೇ ನೆನಪಿಲ್ಲ. "ನಾವು ಒಪ್ಕೊಂಡಿದ್ದ ಆ ಬಾಗಿಲು ಏನ್ಮಾಡ್ದೆ? ಸೋಸಿ ಹೊಡೆದ್ಯಾ?"

"ಹೂಂ, ಸೋಸೇ ಹೊಡೆದೆ."

ಅಕ್ಕ ತಮ್ಮನನ್ನೇ ನೋಡುತ್ತಿದ್ದಳು. ತಪ್ಪಾಯ್ತು ಎನ್ನುವ ಒಂದು ಮಾತಿನ ಬದಲು ಮೆಣಸಿನಕಾಯಿ ಭಾವನ ಬೆನ್ನಿಗೆ ದಿಂಬು ಕೊಟ್ಟ. ಇಬ್ಬರೂ ಈಗ ಮತ್ತೆ ಜೋಡಿ ಕೆಲಸಕ್ಕೆ ಹೋಗುತ್ತಾರೆ. ಆ ಮಾತು ಇವತ್ತಿಗೂ ಬಾಕಿಯೇ.