ಅತಿಥಿಯ ಕೈಯಿಂದ

ಆ ಶುಕ್ರವಾರ ಮೈಕ್ ನನ್ನ ಕೈಯಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬೇರೆಯವರ ಮೇಲೆ ಸಿಟ್ಟಿನಿಂದ ಬರೆಯುವವಳಿದ್ದೇನೆ. ಅದರಲ್ಲಿ ನನ್ನ ಪಾಲು ಎಷ್ಟು ಎಂಬುದು ಓದುವವರಿಗೆ ಗೊತ್ತಿರಬೇಕು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಬುಧಾಬಿಯ ಒಂದು ಭಾರತೀಯ ಶಾಲೆಯಲ್ಲಿ ನಾನು ಪಿ.ಟಿ. ಟೀಚರ್ ಆಗಿದ್ದೆ. ಊರು ಧಾರವಾಡದ ಕಡೆ. ಹನ್ನೊಂದನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ನಾನೂರು ಮೀಟರ್ ಓಡುವವಳು. ಅವಳ ತಾಯಿ ಉಡುಪಿ ಕಡೆಯವರು, ಊರೊಳಗಿನ ಖಾಲಿದಿಯಾ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ತಂದೆಗೆ ಸಮುದ್ರದ ನಡುವಿನ ತೈಲಬಾವಿಯಲ್ಲಿ ಕೆಲಸ. ಮನೆಗೆ ಬರುತ್ತಿದ್ದುದು ತಿಂಗಳಿಗೊಮ್ಮೆ. ನಮ್ಮ ಶಾಲೆಗೆ ಮೈದಾನವೆಂಬುದು ಇರಲಿಲ್ಲ. ಕಾಂಕ್ರೀಟು ಹಾಕಿದ ಒಂದು ಅಂಗಳವಿತ್ತು. ಹಾಗಾಗಿ ಬೆಳಿಗ್ಗೆ ಬಿಸಿಲೇರುವ ಮೊದಲು ಕಾರ್ನಿಶ್ ರಸ್ತೆಯಲ್ಲಿ, ಕಡಲಿನ ಪಕ್ಕದ ಕಾಲುದಾರಿಯಲ್ಲಿ ಅವಳನ್ನು ಓಡಿಸುತ್ತಿದ್ದೆ. ದೀಪದ ಕಂಬಗಳೇ ನಮ್ಮ ಅಳತೆಗೋಲು.

ಹನ್ನೆರಡನೆಯ ತರಗತಿ ಮುಗಿದ ಮೇಲೆ ಅವಳನ್ನು ಮಂಗಳೂರಿನ ಹಾಸ್ಟೆಲಿಗೆ ಕಳಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. "ಅಲ್ಲಿ ಹೋದ್ರೆ ಓಟ ಖಲಾಸ್, ಮಿಸ್" ಎಂದು ಅವಳು ಒಂದು ದಿನ ಶೂ ಲೇಸ್ ಕಟ್ಟುತ್ತಾ ಹೇಳಿದಳು. ಅಳಲಿಲ್ಲ. ಹೇಳಿದಳು, ಓಡಲು ಎದ್ದಳು. ಆ ವಾರವೇ ನಾನು ಅಮೆರಿಕದ ಒಂದು ಕಾಲೇಜಿಗೆ ಅವಳ ಸಮಯಗಳನ್ನೂ ಓಟದ ವಿಡಿಯೋ ಕ್ಯಾಸೆಟ್ಟನ್ನೂ ಕಳಿಸಿದೆ. ಅಲ್ಲಿ ತಂಡಕ್ಕೆ ಆಯ್ಕೆಯಾದವರಿಗೆ ಫೀಸು ಇಲ್ಲ, ಊಟ ವಸತಿ ಕಾಲೇಜಿನದೇ ಎಂದು ಓದಿದ್ದೆ.

ಉತ್ತರವಾಗಿ ಬಂದದ್ದು ತುಂಬಿಸಬೇಕಾದ ಒಂದು ಪ್ರಶ್ನಾವಳಿ ಮತ್ತು ನಿಯಮಗಳ ಒಂದು ಪುಸ್ತಿಕೆ. ಪುಸ್ತಿಕೆಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಪೆನ್ಸಿಲಿನಿಂದ ಗೆರೆ ಎಳೆದೆ. ಹನ್ನೊಂದನೆಯ ತರಗತಿ ಮುಗಿಯುವವರೆಗೆ ಕಾಲೇಜಿನ ಕೋಚ್ ಹುಡುಗಿಯನ್ನಾಗಲಿ ಅವಳ ಮನೆಯವರನ್ನಾಗಲಿ ಕಂಡು ಮಾತಾಡುವಂತಿಲ್ಲ, ಫೋನ್ ಮಾಡುವಂತಿಲ್ಲ. ಓಟವನ್ನು ಕೂತು ನೋಡಬಹುದು. ಶಾಲೆಯ ಟೀಚರಿನ ಜೊತೆ ಮಾತಾಡಬಹುದು. ಹುಡುಗಿಗೆ ಏನನ್ನೂ ಕೊಡುವಂತಿಲ್ಲ, ಒಂದು ಟೋಪಿಯನ್ನೂ ಸಹ. ಇವುಗಳಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಮಕ್ಕಳ ಹಿಂದೆ ಬಿದ್ದು ಆಸೆ ತೋರಿಸಿ ಎಳೆದುಕೊಂಡು ಹೋಗುವವರು ಇರುತ್ತಾರೆ. ಅವರನ್ನು ತಡೆಯಲು ಮಾಡಿದ ನಿಯಮಗಳು. ಈಗಲೂ ಹಾಗೆಯೇ ಅನ್ನುತ್ತೇನೆ.

ಚಳಿಗಾಲದಲ್ಲಿ ಆ ಕೋಚ್ ನನಗೆ ಫೋನ್ ಮಾಡಿದರು. ಮಧ್ಯವಯಸ್ಸಿನ ಹೆಂಗಸಿನ ಧ್ವನಿ, ನಿಧಾನದ ಮಾತು. ದುಬೈಯಲ್ಲಿ ಅಮೆರಿಕನ್ ಶಾಲೆಗಳ ಕ್ರೀಡಾಕೂಟ ನೋಡಲು ಬರುವುದಿದೆ, ಶುಕ್ರವಾರ ಬಿಡುವಿದೆ, ನಿಮ್ಮ ಹುಡುಗಿ ಎಲ್ಲಾದರೂ ಓಡುತ್ತಾಳೆಯೇ ಎಂದು ಕೇಳಿದರು. ನಮ್ಮ ಶಾಲಾ ಕೂಟಗಳೆಲ್ಲ ಮುಗಿದಿದ್ದವು. ಉಳಿದಿದ್ದದ್ದು ಒಂದೇ, ದುಬೈಯ ನಮ್ಮ ಕನ್ನಡ ಸಂಘದ ಕ್ರೀಡಾದಿನ. ನಿಂಬೆಹಣ್ಣು ಚಮಚದ ಓಟ, ಹೆಂಗಸರ ಮ್ಯೂಸಿಕಲ್ ಚೇರ್, ಹಗ್ಗ ಜಗ್ಗಾಟ, ಇವುಗಳ ನಡುವೆ ದೊಡ್ಡ ಮಕ್ಕಳಿಗೆ ನಿಜವಾದ ನಾನೂರು ಮೀಟರ್. ಬನ್ನಿ ಎಂದೆ. ಕರೆದವಳು ನಾನು.

ತಾಯಿಗೆ ನಿಯಮ ವಿವರಿಸಿದೆ. ಅವರು ನಕ್ಕರು.

"ಒಂದು ಚಾ ಸಹ ಇಲ್ವಾ ಟೀಚರ್? ಅಷ್ಟು ದೂರದಿಂದ ಬಂದವರನ್ನು ಮನೆಗೆ ಕರೀದಿದ್ರೆ ಹೇಗೆ? ನೀರುದೋಸೆ ಮಾಡ್ತಿದ್ದೆ."

"ಕರೀಬ್ಯಾಡ್ರಿ. ಅವರನ್ನ ನೋಡಿ ನಗಲೂ ಬ್ಯಾಡ್ರಿ."

"ನಗ್ಲಿಕ್ಕೂ ರೂಲ್ ಉಂಟಾ?"

"ನಗೂದಕ್ಕಿಲ್ಲ. ನಕ್ಕ್ರ ನೀವು ಮಾತಾಡ್ತೀರಿ."

ಅವರು ನನ್ನ ಮಾತನ್ನು ಅಕ್ಷರಶಃ ನಡೆಸಿದರು. ಆ ದಿನ ಕೋಚ್ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕ್ಯಾಪ್ ಹಾಕಿ, ಸ್ಟಾಪ್‌ವಾಚ್ ಹಿಡಿದು ಕೂತಿದ್ದರೆ, ಈ ತಾಯಿ ಮೈದಾನದ ಇನ್ನೊಂದು ತುದಿಯಲ್ಲಿ ಮುಖ ತಿರುಗಿಸಿ ಕೂತರು. ಮಧ್ಯಾಹ್ನದವರೆಗೆ ಆ ಕಡೆ ಒಮ್ಮೆಯೂ ನೋಡಲಿಲ್ಲ.

ಸಂಘದ ಕಾರ್ಯದರ್ಶಿಗೆ ಬರ್ ದುಬೈಯಲ್ಲಿ ಕಾರ್ಗೋ ವ್ಯವಹಾರ. ಕೆಟ್ಟ ಮನುಷ್ಯನಲ್ಲ. ಯಾರ ವೀಸಾ ಕೆಟ್ಟರೂ, ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುವವರು ಅವರೇ. ಆ ದಿನ ಬರಬೇಕಿದ್ದ ಮುಖ್ಯ ಅತಿಥಿ ಕೊನೆಯ ಗಳಿಗೆಯಲ್ಲಿ ಬರುವುದಿಲ್ಲವೆಂದರು. ವೇದಿಕೆಯ ನಡುವಿನ ಕುರ್ಚಿ ಖಾಲಿ. ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದರು. ನಿರೂಪಣೆ ನನ್ನದಾಗಿತ್ತು.

"ಟೀಚರ್, ಮೇಲೆ ಕೂತ ಆ ಬಿಳಿ ಹೆಂಗಸು ಯಾರು?"

"ಅಮೆರಿಕಾದ ಕೋಚ್. ಓಟ ನೋಡಾಕ ಬಂದಾರ. ಅವರನ್ನ ಅವರಷ್ಟಕ್ಕ ಬಿಟ್ಟುಬಿಡ್ರಿ. ಅವರಿಗೆ ನಿಯಮ ಅದಾವ."

"ಎಂತ ನಿಯಮ ಮಾರಾಯ್ರೆ? ಬಂದವರನ್ನು ಬಿಸಿಲಲ್ಲಿ ಕೂರಿಸುದು ನಮ್ಮ ನಿಯಮ ಅಲ್ಲ."

ನಾನು ಇನ್ನೊಮ್ಮೆ ಬೇಡ ಎಂದೆ. ಅಷ್ಟರಲ್ಲಿ ನಾನೂರು ಮೀಟರಿಗೆ ಹೆಸರು ಕರೆಯಬೇಕಾಯಿತು. ಹುಡುಗಿ ಗೆದ್ದಳು. ಕೊನೆಯ ತಿರುವಿನಲ್ಲೇ ಉಳಿದವರೆಲ್ಲ ಹಿಂದೆ ಬಿದ್ದಿದ್ದರು. ನಾನು ಗ್ಯಾಲರಿಯತ್ತ ನೋಡಿದೆ. ಕೋಚ್ ಸ್ಟಾಪ್‌ವಾಚನ್ನು ಎರಡು ಸಲ ನೋಡಿ, ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆ ದಿನ ಅಲ್ಲಿಗೇ ಮುಗಿದಿದ್ದರೆ ಸಾಕಿತ್ತು.

ಬಹುಮಾನದ ಹೊತ್ತಿಗೆ ಕಾರ್ಯದರ್ಶಿ ಅವರನ್ನು ಕೈಹಿಡಿದು ವೇದಿಕೆಗೆ ಕರೆತಂದರು. ಕೋಚ್ ತಲೆ ಅಲ್ಲಾಡಿಸುತ್ತಾ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ದಯವಿಟ್ಟು ಬೇಡ, ನನಗೆ ಅನುಮತಿ ಇಲ್ಲ. ಮೂರು ಸಲ ಹೇಳಿದರು. ಕಾರ್ಯದರ್ಶಿ ಜನರತ್ತ ತಿರುಗಿ ಕೈ ಎತ್ತಿದರು.

"ನೋಡಿ, ಎಷ್ಟು ಸರಳ! ಬೇಡ ಬೇಡ ಅಂತಾರೆ! ದೊಡ್ಡವರು ಯಾವಾಗ್ಲೂ ಹೀಗೇ!"

ಜನ ಚಪ್ಪಾಳೆ ತಟ್ಟಿದರು. ನಮ್ಮ ಸಭೆಗಳಲ್ಲಿ ಎಲ್ಲ ಅತಿಥಿಗಳೂ ಮೊದಲು ಬೇಡ ಎನ್ನುತ್ತಾರೆ. ಬೇಡ ಎಂದಷ್ಟೂ ಶಾಲು ಗಟ್ಟಿಯಾಗಿ ಹೊದಿಸುತ್ತೇವೆ. ಕೋಚಿನ ಕ್ಯಾಪ್ ತೆಗೆದು ಮೈಸೂರು ಪೇಟ ಇಟ್ಟರು. ಶಾಲು ಹೊದಿಸಿದರು. ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಅವರು ಸುತ್ತ ನೋಡಿದರು. ಅವರ ಕಣ್ಣು ನನ್ನನ್ನು ಹುಡುಕುತ್ತಿತ್ತು. ಸಿಕ್ಕಿತು ಕೂಡ.

ನಮ್ಮಲ್ಲಿ ಇನ್ನೊಂದು ಪದ್ಧತಿ ಉಂಟು. ಕೊಡುವವರು ತಮ್ಮ ಕೈಯಿಂದ ಕೊಡುವುದಿಲ್ಲ. ಬಹುಮಾನ ಯಾರದ್ದೇ ಆಗಲಿ, ಅದನ್ನು ದಾಟಿಸುವ ಕೈ ಅತಿಥಿಯದು. ಅದೇ ಮರ್ಯಾದೆ. ಪ್ರತಿ ವರ್ಷ ಬಹುಮಾನವೆಂದರೆ ಒಂದು ಫಲಕ ಮಾತ್ರ. ಆ ವರ್ಷ ಒಬ್ಬ ಆಭರಣದಂಗಡಿಯವರು ಶ್ರೇಷ್ಠ ಓಟಗಾರ್ತಿಗೆಂದು ಒಂದು ಚಿನ್ನದ ನಾಣ್ಯ ಕೊಟ್ಟಿದ್ದರು. ಅದು ನನಗೆ ತಿಳಿದದ್ದು ಕೈಗೆ ಬಂದ ಚೀಟಿಯಿಂದ. "ವಿಶೇಷ ಬಹುಮಾನ, ಚಿನ್ನದ ನಾಣ್ಯ, ಅತಿಥಿಗಳ ಹಸ್ತದಿಂದ." ಕೆಳಗೆ ಹುಡುಗಿಯ ಹೆಸರು.

ಆಗ ಹುಡುಗಿ ವೇದಿಕೆಯ ಕೆಳಗಿದ್ದಳು. ವೇದಿಕೆಗೆ ಮೂರು ಮೆಟ್ಟಿಲು. ಮೈದಾನದ ಆಚೆ ತುದಿಯಲ್ಲಿ ಅವಳ ತಾಯಿ ಎದ್ದು ನಿಂತದ್ದು ಕಾಣಿಸಿತು. ಮೈಕಿನಲ್ಲಿ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಕಾರ್ಯದರ್ಶಿಯ ಮುಖಕ್ಕೆ ಎಲ್ಲರೆದುರು ಹೊಡೆದ ಹಾಗಾಗುತ್ತದೆ ಎಂದು ಯೋಚಿಸಿದೆ. ನೂರಾರು ಜನ, ಅವರ ಹೆಂಡತಿ ಮಕ್ಕಳು ಮುಂದಿನ ಸಾಲಿನಲ್ಲಿ. ನಾನು ಚೀಟಿಯಲ್ಲಿದ್ದುದನ್ನು ಓದಿದೆ. ಪೂರ್ತಿ ಓದಿದೆ. ಹೆಸರನ್ನೂ.

ಹುಡುಗಿ ಮೂರು ಮೆಟ್ಟಿಲು ಹತ್ತಿ ಬಂದಳು. ಕೋಚಿನ ಕೈಗೆ ಯಾರೋ ಕೆಂಪು ಡಬ್ಬಿಯನ್ನು ತುರುಕಿದರು. ಅದರಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಓದಿದ್ದು ಕನ್ನಡದಲ್ಲಿ. ಹುಡುಗಿ ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡು, ಮನೆಯಲ್ಲಿ ಕಲಿಸಿದಂತೆ ಬಗ್ಗಿ ಅವರ ಕಾಲು ಮುಟ್ಟಿದಳು. ಕೋಚ್ ಗಾಬರಿಯಾಗಿ ಭುಜ ಹಿಡಿದು ಎತ್ತಿದರು. ಏನಾದರೂ ಹೇಳಲೇಬೇಕಲ್ಲ. ಅವರಿಗೆ ಗೊತ್ತಿದ್ದುದನ್ನು ಹೇಳಿದರು. ಓಟದ ಕೊನೆಯಲ್ಲಿ ನಿನ್ನ ಎಡಗೈ ಇಳಿಯುತ್ತದೆ, ಇಳಿಯಲು ಬಿಡಬೇಡ. ನನ್ನ ಕೈಯ ಮೈಕ್ ಅವರಿಬ್ಬರ ಹತ್ತಿರವೇ ಇತ್ತು. ಮಾತು ನಾಲ್ಕೂ ಸ್ಪೀಕರುಗಳಲ್ಲಿ ಹೋಯಿತು. ಫೋಟೋ ತೆಗೆದರು.

ಇಷ್ಟೇ ಆಗಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ. ತಿಂಗಳ ನಂತರ ಕಾರ್ಯದರ್ಶಿ ಸಂಭ್ರಮದಿಂದ ಫೋನ್ ಮಾಡಿದರು.

"ಆ ಫೋಟೋ ಕಾಲೇಜಿನ ಪ್ರೆಸಿಡೆಂಟರಿಗೇ ಕಳಿಸಿದೆ ಟೀಚರ್, ಸಂಘದ ಲೆಟರ್‌ಹೆಡ್ಡಲ್ಲಿ ಥ್ಯಾಂಕ್ಸ್ ಬರೆದು. ಕೋಚಿಗೆ ಪ್ರಮೋಷನ್ ಗ್ಯಾರಂಟಿ, ನಮ್ಮ ಹುಡುಗಿಗೆ ಸೀಟು ಗ್ಯಾರಂಟಿ!"

"ಏನಂತ ಬರದೀರಿ?"

"ನಿಮ್ಮ ಕೋಚ್ ನಮ್ಮ ಮಗಳಿಗೆ ಪ್ರೀತಿಯಿಂದ ಚಿನ್ನದ ನಾಣ್ಯ ಕೊಟ್ಟು ಆಶೀರ್ವಾದ ಮಾಡಿದ್ರು ಅಂತ. ಯಾಕೆ?"

ನಾನು ಫೋನ್ ಇಟ್ಟೆ. ಆ ಪುಸ್ತಿಕೆ ತೆಗೆದು, ಪೆನ್ಸಿಲಿನ ಗೆರೆ ಎಳೆದಿದ್ದ ಸಾಲುಗಳನ್ನು ಮತ್ತೆ ಓದಿದೆ.

ಕಾಲೇಜಿನ ಕಚೇರಿಯಿಂದ ಶಾಲೆಯ ಪೋಸ್ಟ್ ಬಾಕ್ಸಿಗೆ ನನ್ನ ಹೆಸರಿನ ಪತ್ರ ಬಂತು. ಆ ದಿನ ಕಂಡದ್ದನ್ನೂ ಕೇಳಿದ್ದನ್ನೂ ಅನುಕ್ರಮವಾಗಿ ಬರೆದು ಸಹಿ ಮಾಡಿ ಕಳಿಸಬೇಕು. ನಾಣ್ಯ ಯಾರದು, ಕೋಚಿಗೆ ಗೊತ್ತಿತ್ತೇ, ಅವರು ಹುಡುಗಿಯೊಡನೆ ಮಾತಾಡಿದರೇ. ಕಾರ್ಯದರ್ಶಿ ಆ ವಾರಾಂತ್ಯವೇ ಅಬುಧಾಬಿಗೆ ಬಂದರು. ಮುಖ ಬಾಡಿತ್ತು.

"ನಾಣ್ಯ ನಮ್ಮದು, ಅವರು ದಾಟಿಸಿದ್ದು ಮಾತ್ರ ಅಂತ ಬರೀರಿ. ಮಾತಾಡಿದ್ದು ಬರೀಬೇಡಿ ಟೀಚರ್. ಯಾರು ಕೇಳಿದ್ದಾರೆ?"

"ಇಡೀ ಮೈದಾನ ಕೇಳೇದ."

"ನಮ್ಮವರು ಯಾರೂ ಹೇಳುದಿಲ್ಲ."

ಹುಡುಗಿ ಮಾತ್ರ ಬೇರೆ ರೀತಿ ಕೇಳಿದಳು. ಕಾರ್ನಿಶಿನಲ್ಲಿ, ಓಟ ಮುಗಿದು ಏದುಸಿರು ಬಿಡುತ್ತಾ. "ಮಿಸ್, ಆ ಲೆಫ್ಟ್ ಆರ್ಮ್ ವಿಷಯ... ಅದನ್ನ ಬರೀಲೇಬೇಕಾ? ಆರ್ ಯೂ ಶ್ಯೂರ್?"

ಉತ್ತರ ಹೇಳಲು ನನಗೆ ಎರಡು ದಿನ ಹಿಡಿಯಿತು. ವೇದಿಕೆಯ ಮೇಲೆ ಒಮ್ಮೆ ಸುಳ್ಳಿಗೆ ಸಮನಾದ ಮೌನ ವಹಿಸಿದ್ದೆ. ಆಗ ಮೈಕ್ ಹಿಡಿದಿದ್ದ ಕೈಯಿಂದಲೇ ಈಗ ಸುಳ್ಳು ಬರೆದು ಅವಳನ್ನು ಅಲ್ಲಿಗೆ ಕಳಿಸಲು ಆಗಲಿಲ್ಲ. ಕಂಡದ್ದೆಲ್ಲ ಬರೆದೆ. ಎಡಗೈಯ ಮಾತನ್ನು ಅವರ ಶಬ್ದಗಳಲ್ಲೇ ಬರೆದೆ. ಕೋಚ್ ಮೂರು ಸಲ ಬೇಡ ಎಂದದ್ದು, ನಾನು ಸುಮ್ಮನಿದ್ದದ್ದು ಎಲ್ಲವನ್ನೂ. ಬರೆದು ಮುಗಿಸಿ ಅವಳಿಗೇ ಮೊದಲು ಓದಲು ಕೊಟ್ಟೆ. ಓದಿ ಹಿಂದಿರುಗಿಸಿದಳು.

ಕಾಲೇಜಿನಿಂದ ಬಂದ ಉತ್ತರ ಒಂದು ಪುಟದ್ದು. ನನ್ನ ಪತ್ರ ತಲುಪುವ ಮೊದಲೇ ಕೋಚ್ ತಾವಾಗಿ ಎಲ್ಲವನ್ನೂ ಒಪ್ಪಿ ಬರೆದಿದ್ದರಂತೆ. ಅವರ ಮಾತಿಗೂ ನನ್ನ ಮಾತಿಗೂ ತಾಳೆಯಾಯಿತು. ಆದ್ದರಿಂದ ಅವರಿಗೆ ಎಚ್ಚರಿಕೆ ಮಾತ್ರ. ನಾಣ್ಯವನ್ನು ಸಂಘಕ್ಕೆ ಹಿಂದಿರುಗಿಸಬೇಕು. ಈ ಕಾಲೇಜು ಇನ್ನು ಆ ಹುಡುಗಿಯನ್ನು ಪರಿಗಣಿಸುವುದಿಲ್ಲ. ಬೇರೆ ಕಾಲೇಜಿಗೆ ಅರ್ಜಿ ಹಾಕಿದರೆ ಈ ಸಂಗತಿಯನ್ನು ತಿಳಿಸತಕ್ಕದ್ದು. ನಾವು ನಾಲ್ಕು ಕಾಲೇಜುಗಳಿಗೆ ತಿಳಿಸಿ ಬರೆದೆವು. ಒಂದರಿಂದಲೂ ಪ್ರಶ್ನಾವಳಿ ಸಹ ಬರಲಿಲ್ಲ.

ಆ ಪುಟವನ್ನು ನಾನು ಎಷ್ಟು ಸಲ ಓದಿದೆನೋ. ಕೋಚ್ ಬರೆದರು, ನಾನು ಬರೆದೆ, ಕಾರ್ಯದರ್ಶಿ ಎಲ್ಲರಿಗಿಂತ ಮೊದಲು ಬರೆದರು. ಹುಡುಗಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ವೇದಿಕೆಯ ಮೇಲೆ ಬಾಯಿಯೇ ತೆರೆಯದಿದ್ದವಳು ಅವಳೊಬ್ಬಳು, ತೆತ್ತವಳೂ ಅವಳೊಬ್ಬಳೇ. ಮಕ್ಕಳನ್ನು ಕಾಯಲೆಂದು ಬರೆದ ಪುಸ್ತಿಕೆ ಕೊನೆಗೆ ಕಾಲೇಜನ್ನು ಕಾಯಿತು. ಇತ್ತ ನಮ್ಮ ಜನ, ಒಬ್ಬ ಹೆಂಗಸು ಮೂರು ಸಲ ಬೇಡ ಎಂದರೂ ಕೇಳಿಸಿಕೊಳ್ಳದ ಜನ, ಅದನ್ನು ಪ್ರೀತಿ ಎಂದು ಕರೆದುಕೊಂಡರು. ಈಗಲೂ ಕರೆಯುತ್ತಾರೆ. "ಒಂದು ಶಾಲಿಗೆ ಇಷ್ಟೆಲ್ಲ ರಂಪವಾ? ಅಮೆರಿಕದವರಿಗೆ ತಲೆ ಸರಿ ಇಲ್ಲ" ಎಂದು ಕಾರ್ಯದರ್ಶಿ ಸಮಿತಿಯ ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಾನೂ ಆ ಕೋಣೆಯಲ್ಲಿದ್ದೆ.

ಹುಡುಗಿ ಓಡುವುದನ್ನು ಬಿಡಲಿಲ್ಲ. ಆ ವರ್ಷವೆಲ್ಲ ಕಾರ್ನಿಶಿನಲ್ಲಿ ಕೊನೆಯ ಎರಡು ಕಂಬಗಳ ನಡುವೆ ಅವಳ ಎಡಗೈ ಒಮ್ಮೆಯೂ ಇಳಿಯಲಿಲ್ಲ.

ಮರುವರ್ಷದ ಕ್ರೀಡಾದಿನಕ್ಕೆ ಅವಳು ಹನ್ನೆರಡನೆಯ ತರಗತಿ. ಮಂಗಳೂರಿನ ಹಾಸ್ಟೆಲಿನ ಅರ್ಜಿ ಹೋಗಿಯಾಗಿತ್ತು. ಅವಳು ಸ್ಪರ್ಧೆಗೆ ಹೆಸರು ಕೊಟ್ಟಿರಲಿಲ್ಲ. ತಾಯಿಯ ಪಕ್ಕದಲ್ಲಿ ಕೂತಿದ್ದಳು. ಮೈಕ್ ಮತ್ತೆ ನನ್ನದೇ. ಬಹುಮಾನದ ಹೊತ್ತಿಗೆ ಕಾರ್ಯದರ್ಶಿ ಅವಳನ್ನು ಎಬ್ಬಿಸಿಕೊಂಡು ಬಂದರು. ಅವರ ಮನಸ್ಸಿನಲ್ಲಿ ಅದು ಸಮಾಧಾನದ ಕೆಲಸವಾಗಿತ್ತೇನೋ. ಚಿಕ್ಕ ಮಕ್ಕಳಿಗೆ ಅವಳ ಕೈಯಿಂದಲೇ ಬಹುಮಾನ ಕೊಡಿಸುವುದು. ಶಾಲು ಸಿದ್ಧವಾಗಿತ್ತು.

"ಬೇಡ ಅಂಕಲ್" ಎಂದಳು ಮೂರನೆಯ ಮೆಟ್ಟಿಲ ಮೇಲೆ ನಿಂತು. "ಪ್ಲೀಸ್. ನನಗೆ ಬೇಡ."

"ನೋಡಿದ್ರಾ, ನೋಡಿದ್ರಾ!" ಕಾರ್ಯದರ್ಶಿ ಜನರತ್ತ ತಿರುಗಿ ಶಾಲನ್ನು ಬಿಚ್ಚಿದರು. "ಈಗ್ಲೇ ದೊಡ್ಡವರ ಹಾಗೆ..."

"ಆಕಿ ಬ್ಯಾಡ ಅಂದಾಳ್ರಿ" ಎಂದೆ. ಮಾತು ನಾಲ್ಕೂ ಸ್ಪೀಕರುಗಳಲ್ಲಿ ಹೋಯಿತು. "ಬ್ಯಾಡ ಅಂದ್ರ ಬ್ಯಾಡ."

ಕಾರ್ಯದರ್ಶಿ ಶಾಲು ಹಿಡಿದೇ ನಿಂತರು. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿದರು. ಹುಡುಗಿ ನನ್ನತ್ತ ನೋಡಲಿಲ್ಲ. ತಿರುಗಿ ಕೆಳಗಿಳಿಯತೊಡಗಿದಳು. ಯಾರೋ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಆಮೇಲೆ ಆ ಸಂಘದಲ್ಲಿ ನನಗೆ ಮೈಕ್ ಕೊಟ್ಟಿಲ್ಲ.

ಆ ವಾಕ್ಯ ಹೇಳಲು ಎಷ್ಟು ಹೊತ್ತು ಬೇಕೆಂದು ಈಗ ನನಗೆ ಸರಿಯಾಗಿ ಗೊತ್ತು. ಅವಳು ಒಂದು ಮೆಟ್ಟಿಲು ಇಳಿಯುವಷ್ಟು. ಹಿಂದಿನ ವರ್ಷ ಅವಳು ಹತ್ತಿ ಬರುವಾಗ ನನಗೆ ಮೂರು ಮೆಟ್ಟಿಲುಗಳಿದ್ದವು.