ಕಲಿಯಲು ಹಾಕಿದ ಕೆಂಪು ಗುರುತು

ನಮ್ಮ ವಿಭಾಗದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರನ್ನು ನಾನು ಕಂಡಿಲ್ಲ. ತಾಂತ್ರಿಕ ಶಿಕ್ಷಣ ಮತ್ತು ಸಾರ್ವಜನಿಕ ನೀತಿ ಅಧ್ಯಯನ ವಿಭಾಗ. ತೊಂಬತ್ತರ ದಶಕದ ನಡುವೆ ವಿಶ್ವವಿದ್ಯಾಲಯದವರು ಅದನ್ನು ತೆರೆದಾಗ ಆವರಣದಲ್ಲಿ ಜಾಗ ಸಿಗದೆ ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಂದು ಬಾಡಿಗೆ ಕಟ್ಟಡದ ಮೇಲಂತಸ್ತು ಹಿಡಿದಿದ್ದರು. ಕೆಳಗೆ ಎಲುಬಿನ ಡಾಕ್ಟರರ ದವಾಖಾನೆ. ಕೈಗೆ ಪಟ್ಟಿ ಕಟ್ಟಿಕೊಂಡವರು ದಾರಿ ತಪ್ಪಿ ಮೆಟ್ಟಿಲು ಹತ್ತಿ ಬಂದು, ನಮ್ಮ ತರಗತಿಯ ಬಾಗಿಲಲ್ಲಿ ನಿಂತು, "ಎಕ್ಸ್‌ರೇ ಇಲ್ಲೇ ತೆಗೀತಾರೇನ್ರೀ?" ಎಂದು ಕೇಳುತ್ತಿದ್ದರು. ಇಂಜಿನಿಯರಿಂಗ್ ಕಾಲೇಜಿನವರ ಕಣ್ಣಿಗೆ ನಾವು ಬರೀ ಮಾತಿನ ಮಲ್ಲರು. ರಾಜ್ಯಶಾಸ್ತ್ರದವರ ಕಣ್ಣಿಗೆ ಟೇಪು ಹಿಡಿದ ಮೇಸ್ತ್ರಿಗಳು. ನಾವು ಯಾರು ಎಂದು ನಮಗೂ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತಿದ್ದವನು ನನ್ನ ಅಪ್ಪ ಒಬ್ಬನೇ. ಕಮಲಾಪುರದಲ್ಲಿ ನಮ್ಮದು ಕಿರಾಣಿ ಅಂಗಡಿ, ಮನೆಯ ಮುಂಭಾಗದಲ್ಲೇ. ನಾನು ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಈ ವಿಭಾಗಕ್ಕೆ ಸೇರಿದಾಗ, ಬೆಲ್ಲ ತೂಗಿಸಿಕೊಳ್ಳಲು ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದ: "ರಸ್ತಾ ಹ್ಯಾಂಗ ಮಾಡಬೇಕು ಅನ್ನೋದು ಕಲ್ತಾಳ. ಈಗ ಯಾರಿಗೆ ಕೇಳಿ ಮಾಡಬೇಕು ಅನ್ನೋದು ಕಲಿಯಾಕತ್ತಾಳ." ನಮ್ಮ ಮುಖ್ಯಸ್ಥರು ಪುಟಗಟ್ಟಲೆ ಬರೆದ ವಿಭಾಗದ ಪರಿಚಯಕ್ಕಿಂತ ಇದು ಎಷ್ಟೋ ಮೇಲಾಗಿತ್ತು.

ಆ ಅಂಗಡಿಯ ಮುಂದೆ ಒಂದು ಕಟ್ಟೆಯಿತ್ತು. ಶಹಾಬಾದಿನ ಹಾಸುಗಲ್ಲು ಹೊದೆಸಿದ, ಸೊಂಟದೆತ್ತರದ ಉದ್ದನೆಯ ಕಟ್ಟೆ. ಅಜ್ಜನ ಕಾಲದ್ದು. ಸಂಜೆ ಓಣಿಯ ಹಿರಿಯರು ಅಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು, ಬೆಳಗ್ಗೆ ಕಲಬುರಗಿಯ ಬಸ್ಸಿಗೆ ಕಾಯುವವರು ಗಂಟುಮೂಟೆ ಇಡುತ್ತಿದ್ದರು. ಕಟ್ಟೆಯ ಒಂದು ತುದಿಯಲ್ಲಿ ದರ್ಜಿ ಚಾಚಾನ ಹೊಲಿಗೆ ಯಂತ್ರ. ನಾನು ಹುಟ್ಟುವ ಮೊದಲಿಂದಲೂ ಅವನು ಅಲ್ಲೇ ಕೂತು ಹೊಲಿಯುತ್ತಿದ್ದ. ನನ್ನ ಶಾಲೆಯ ಲಂಗಗಳೆಲ್ಲ ಅಲ್ಲೇ ಹುಟ್ಟಿದ್ದು.

ನಮ್ಮ ವಿಭಾಗದಲ್ಲಿ ಪ್ರತಿ ಬ್ಯಾಚಿಗೂ ಒಂದು ಊರಿನ ಕೆಲಸ ಇರುತ್ತಿತ್ತು. ಒಂದು ಊರಿಗೆ ಹೋಗಿ, ಅಲ್ಲಿ ರಸ್ತೆ ಅಗಲವಾಗುತ್ತದೆ ಎಂದು ಊಹಿಸಿಕೊಂಡು ಅಳತೆ ಮಾಡಬೇಕು, ಗುರುತು ಹಾಕಬೇಕು, ಜಾಗ ಕಳೆದುಕೊಳ್ಳುವವರನ್ನು ಮಾತಾಡಿಸಿ ಅವರ ಮನಸ್ಸು ತಿಳಿಯಬೇಕು. ಆ ವರ್ಷ ಯಾವ ಊರು ಎಂಬ ಮಾತು ಬಂದಾಗ, ಊಟದ ವ್ಯವಸ್ಥೆ ತನ್ನದೆಂದು ಅಪ್ಪ ಹೇಳಿ ಕಳಿಸಿದ. ಕಮಲಾಪುರ ಎಂದು ಅಲ್ಲೇ ತೀರ್ಮಾನವಾಯಿತು. ಹಾಸ್ಟೆಲಿನ ಸಾರು ಕುಡಿದ ಹುಡುಗರಿಗೆ ಊರು ಯಾವುದಾದರೇನು!

ಆ ದಿನ ನಾನು ವಿದ್ಯಾರ್ಥಿಯಾಗಿರಲೇ ಇಲ್ಲ. ಮನೆಗೆ ಮಂದಿ ಬಂದಿದ್ದಾರೆಂದ ಮೇಲೆ ಮನೆಮಗಳು ಟೇಪು ಹಿಡಿದು ಬೀದಿಯಲ್ಲಿ ನಿಲ್ಲುವುದುಂಟೇ? ಅವ್ವ ನನ್ನನ್ನು ಒಳಗೆ ಕರೆದುಕೊಂಡಳು. ರೊಟ್ಟಿ, ಪುಂಡಿಪಲ್ಯ, ಗೋಧಿ ಹುಗ್ಗಿ, ಊರಿನ ಕೆಂಪು ಬಾಳೆಹಣ್ಣು. ರೊಟ್ಟಿ ತಟ್ಟುವ ಸದ್ದಿನ ನಡುವೆ ಹೊರಗಿನ ಮಾತು ಚೂರುಚೂರಾಗಿ ಕೇಳುತ್ತಿತ್ತು. ನನ್ನ ಸಹಪಾಠಿಯೊಬ್ಬ ಪುಸ್ತಕದ ಕನ್ನಡದಲ್ಲಿ ಅಪ್ಪನನ್ನು ಕೇಳುತ್ತಿದ್ದ: "ಸಾರ್ವಜನಿಕ ಹಿತಕ್ಕಾಗಿ ಈ ಕಟ್ಟೆಯನ್ನು ಬಿಟ್ಟುಕೊಡಲು ತಮ್ಮ ಒಪ್ಪಿಗೆ ಇದೆಯೇ?"

ಓಣಿಯೆಲ್ಲ ಕಿವಿಗೊಟ್ಟು ನಿಂತಿತ್ತು. ಅಪ್ಪ ಹೇಳಿದ: "ನಮ್ಮ ಮಗಳ ಸಾಲಿ ಕೇಳಾಕತ್ತದ ಅಂದ ಮ್ಯಾಲ ಇಲ್ಲ ಅನ್ನಾಕ ಬರ್ತದೇನ್ರೀ? ಕೊಟ್ಟೆ ಅಂತ ಬರಕೋರಿ."

ಹುಡುಗರು ಚಪ್ಪಾಳೆ ತಟ್ಟಿದರು. ಹಿಟ್ಟಿನ ಕೈಯಲ್ಲೇ ನಾನೂ ನಕ್ಕೆ.

ಹೊರಗೆ ಅವರು ಗುರುತು ಹಾಕಿದ್ದು ಕೆಂಪು ಬಣ್ಣದಲ್ಲಿ ಎಂಬುದನ್ನು ಊಟಕ್ಕೆ ಕರೆಯಲು ಬಂದಾಗ ಕಂಡೆ. ಕಂಡರೂ ನನಗೇನೂ ಅನ್ನಿಸಲಿಲ್ಲ. ನಮ್ಮ ಕಡೆ ಗೋಡೆಗೆ ಕೆಂಪು ಗುರುತು ಬಿತ್ತೆಂದರೆ ಅದಕ್ಕೆ ಒಂದೇ ಅರ್ಥ: ಇಲ್ಲಿವರೆಗೆ ಹೋಯಿತು. ಕೆಡವುವ ಯಂತ್ರ ಬಂದು ನುಗ್ಗಿದರೆ ಬಾಗಿಲು, ಚೌಕಟ್ಟು, ಕಲ್ಲು ಒಂದೂ ಕೈಗೆ ಸಿಗುವುದಿಲ್ಲವೆಂದು ಜನ ತಾವೇ ಮುಂಚಿತವಾಗಿ ಬಿಚ್ಚಿಕೊಳ್ಳುತ್ತಾರೆ. ಮುಖ್ಯಸ್ಥರು ಮೈಸೂರು ಕಡೆಯವರು, ಅವರಿಗೆ ಇದು ತಿಳಿಯದು. ಬರೀ ಅಳತೆ ಮಾಡಿ ಹೋಗಿದ್ದರೆ ಊರವರು ಕಾಲೇಜಿನ ಹುಡುಗರೆಂದು ಮರೆತುಬಿಡುತ್ತಿದ್ದರು. ಬರೀ ಪ್ರಶ್ನೆ ಕೇಳಿದ್ದರೆ ಯಾವುದೋ ಪತ್ರಿಕೆಯವರು ಅನ್ನುತ್ತಿದ್ದರು. ಅಳೆದು, ಗುರುತು ಹಾಕಿ, ಮರ್ಯಾದೆಯಿಂದ ಒಪ್ಪಿಗೆಯನ್ನೂ ಕೇಳಿದವರು ಸರಕಾರವಲ್ಲದೆ ಮತ್ತೇನು! ಅಳತೆ ಮತ್ತು ಪ್ರಶ್ನೆಯನ್ನು ಕೂಡಿಸುವುದೇ ನಮ್ಮ ವಿಭಾಗದ ಹೆಚ್ಚುಗಾರಿಕೆಯಾಗಿತ್ತು.

ಕೆಲವು ವಾರಗಳ ನಂತರ ಎಳ್ಳಮಾಸಿ ಹಬ್ಬಕ್ಕೆ ಊರಿಗೆ ಹೋದೆ. ಬಸ್ಸಿಳಿದು ಓಣಿಗೆ ತಿರುಗಿದವಳಿಗೆ ನಮ್ಮ ಮನೆಯೇ ಗುರುತು ಹತ್ತಲಿಲ್ಲ. ಅಂಗಡಿಯ ಬಾಗಿಲು ನೆಲದಿಂದ ಮೇಲಕ್ಕೆ ಎದ್ದು ನಿಂತಿತ್ತು, ಕೆಳಗೆ ಹತ್ತಿ ಇಳಿಯಲು ಕಲ್ಲು ಒಟ್ಟಿದ್ದರು. ಕಟ್ಟೆ ಇರಲಿಲ್ಲ. ಅದರ ಹಾಸುಗಲ್ಲುಗಳು ಹಿತ್ತಿಲ ಗೋಡೆಗೆ ಒರಗಿದ್ದವು.

"ಎಲ್ಲಾರಿಗಿಂತ ಮೊದಲ ನಾನ ತೆಗದೆ," ಎಂದ ಅಪ್ಪ. ಮುಖದಲ್ಲಿ ಸಂಭ್ರಮ. ಓಣಿಯಲ್ಲಿ ಬೇರೆ ಯಾರೂ ಇನ್ನೂ ಕೈ ಹಚ್ಚಿರಲಿಲ್ಲ. "ಓಣ್ಯಾಗ ಮಂದಿ ಮಾತಾಡಾಕತ್ತಿದ್ರು. ಮಗಳು ಅಳತಿ ತಂದಾಳ, ತಮ್ಮ ಮನಿ ಉಳಿಸ್ಕೊಂಡು ನಮ್ಮ ಮನಿ ಮುರಸ್ತಾಳ ಅಂತ. ಈಗ ಅನ್ನಲಿ ನೋಡೂಣು!"

ನನ್ನ ಹೆಸರು ಉಳಿಸಲು ಕೆಡವಿದ್ದ. ಆದರೂ ಹೇಳಿದೆ, ಅಲ್ಲೇ, ಚೀಲ ಕೆಳಗಿಡುವ ಮೊದಲೇ: "ಅಪ್ಪಾ, ಅದು ಖರೇ ಅಳತಿ ಅಲ್ಲ. ಹುಡುಗರು ಕಲಿಯಾಕ ಮಾಡಿದ್ದು. ರಸ್ತಾ ಬರೋದಿಲ್ಲ."

ಅಪ್ಪ ತಕ್ಕಡಿಯ ತಟ್ಟೆಯೊಳಗಿನ ಬೇಳೆಕಾಳನ್ನು ಬೆರಳಿನಿಂದ ಒಂದು ಕಡೆ ಸರಿಸಿದ.

"ಮತ್ತ ನನಗ ಕೇಳಿದ್ದು?"

"ಅದೂ ಕಲಿಯಾಕ."

"ಕೇಳೋದು ಸೈತ ಕಲಿಯಾಕ ಕೇಳ್ತಾರೇನವ್ವಾ?"

ನಾನು ಚೀಲ ಕೆಳಗಿಟ್ಟೆ. ಅವನೇ ಹೇಳಿದ: "ಓಣ್ಯಾಗ ಯಾರಿಗೂ ಹೇಳಬ್ಯಾಡ. ಭಾಯಿಗಂತೂ ಹೇಳಲೇಬ್ಯಾಡ. ರಸ್ತಾ ತಡ ಆಗ್ತದಂತ ನಾ ಹೇಳ್ತೀನಿ." ಭಾಯಿ ಎಂದರೆ ದರ್ಜಿ ಚಾಚಾ. ಅವನ ಯಂತ್ರ ಈಗ ಬಸ್ ನಿಲ್ದಾಣದ ಪಕ್ಕದ ಬೇವಿನ ಮರದ ಕೆಳಗಿತ್ತು. ಮರಳಿ ಬಸ್ಸಿಗೆ ಹೋಗುವಾಗ ನನ್ನನ್ನು ಕಂಡು ಕನ್ನಡಕ ಹಣೆಗೇರಿಸಿ, "ಕ್ಯಾ ಬೇಟಾ, ರಸ್ತಾ ಯಾವಾಗ ಬರ್ತದ? ರಸ್ತಾ ಆದ ಮ್ಯಾಲ ನಿಮ್ಮ ಅಂಗಡಿ ಬಾಜೂಕ ನನಗೊಂದು ಜಾಗಾ ಮಾಡಿ ಕೊಡ್ತೀನಿ ಅಂದಾರ ನಿಮ್ಮಪ್ಪ ಸಾವ್ಕಾರ್," ಎಂದ. ಕುಹಕವೇನೂ ಇರಲಿಲ್ಲ ಆ ಮಾತಿನಲ್ಲಿ. ಬಿಸಿಲು ಅವನ ಬೆನ್ನ ಮೇಲೆ ಬೀಳುತ್ತಿತ್ತು. ತಡ ಆಗ್ತದ ಚಾಚಾ ಎಂದು ಹೇಳಿ ಬಸ್ಸು ಹತ್ತಿದೆ. ನಾಚಿಕೆಯಿಂದ ಕಿಟಕಿಯ ಕಡೆ ಕೂಡಲಿಲ್ಲ.

ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಮುಖ ಸಪ್ಪಗಾಯಿತು. ತಾವೇ ಕಮಲಾಪುರಕ್ಕೆ ಬಂದು ಕ್ಷಮೆ ಕೇಳುತ್ತೇನೆ ಎಂದರು. ಓಣಿಗೆ ತಿಳಿಯುವುದು ಅಪ್ಪನಿಗೆ ಬೇಡವಾಗಿದೆ ಎಂದೆ. ಹೌದೇ, ಹೌದೇ ಎಂದು ಹಗುರಾದರು. ಆ ಹಗುರವೇ ನನಗೆ ಹಿಡಿಸಲಿಲ್ಲ.

ಮುಂದಿನ ತಿಂಗಳು ವಿಭಾಗದ ವಿಚಾರಸಂಕಿರಣವಿತ್ತು. ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬರುವವರಿದ್ದರು, ವಿಭಾಗವನ್ನು ಮುಂದುವರಿಸುವುದೋ ಮುಚ್ಚುವುದೋ ಎಂಬುದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಆ ಸಭೆಯಲ್ಲಿ ಅಪ್ಪನಿಗೆ ಸನ್ಮಾನ ಎಂದು ಮುಖ್ಯಸ್ಥರು ಗೊತ್ತುಮಾಡಿದರು. "ಸಾರ್ವಜನಿಕ ಹಿತಕ್ಕೆ ಸ್ವಂತ ಇಚ್ಛೆಯಿಂದ ಮುಂದೆ ಬಂದ ನಾಗರಿಕ." ನಮ್ಮಲ್ಲಿ ಬಾಯಿಬಿಟ್ಟು ಹೇಳಲಾಗದ್ದಕ್ಕೆಲ್ಲ ಒಂದು ಶಾಲು ಹೊದಿಸಿಬಿಡುವ ರೂಢಿ. ಬೇಡ ಸರ್ ಎಂದೆ. ಅಷ್ಟರಲ್ಲಿ ಆಮಂತ್ರಣ ಕಮಲಾಪುರ ಮುಟ್ಟಿಯಾಗಿತ್ತು. ಅಪ್ಪನ ಹತ್ತಿರವೂ ಬೇಡ ಎಂದೆ. "ಸರ್ ಕರದಾರ. ನಾ ಹೋಗಲಿಲ್ಲಂದ್ರ ನಿನ್ನ ಮ್ಯಾಲ ಸಿಟ್ಟಾಗ್ತಾರ," ಎಂದು ಧೋತರಕ್ಕೆ ಗಂಜಿ ಹಾಕಿಸಿಕೊಂಡ.

ವೇದಿಕೆಯ ಮೇಲೆ ಅಪ್ಪ ಬಿಳಿ ಟೋಪಿ ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಎರಡನೆಯ ಸಾಲಿನಲ್ಲಿ ಕೂತು ನಾನು ನೆಲ ನೋಡುತ್ತಿದ್ದೆ. ಆಗ ಆ ಅಧಿಕಾರಿ ಬಹಳ ಸಹಜವಾಗಿ ಕೇಳಿದರು: "ಈಗ ಅಲ್ಲಿ ರಸ್ತೆ ಚೆನ್ನಾಗಿ ಅಗಲ ಆಗಿರಬೇಕಲ್ಲ?"

ಮುಖ್ಯಸ್ಥರು ಮೈಕಿನ ಕತ್ತು ತಿರುಗಿಸತೊಡಗಿದರು. ಎದ್ದು ನಿಂತು ಹೇಳಬೇಕೆಂದು ನಾನು ಕುರ್ಚಿಯ ಕೈ ಹಿಡಿದೆ. ಎದ್ದರೆ ಅಪ್ಪ ಬೇಡವೆಂದ ಮಾತನ್ನೇ ಎಲ್ಲರೆದುರು ಆಡಬೇಕಿತ್ತು. ನಾನು ಅತ್ತಿತ್ತ ನೋಡುವಷ್ಟರಲ್ಲಿ ಅಪ್ಪನೇ ಕೈಮುಗಿದು ಎದ್ದ.

"ರಸ್ತಾ ಬಂದಿಲ್ರೀ ಸಾಹೇಬ್ರ. ಇದು ಹುಡುಗರು ಕಲಿಯಾಕ ಮಾಡೋದು ಅಂತ ನನಗ ಮೊದಲ ಹೇಳಿದ್ರು ಇವರು. ಕಟ್ಟಿ ಹಳೇದಾಗಿತ್ರೀ, ಒಳಗ ಚೇಳು ಸೇರಕೊಂಡಿದ್ದು. ನಾನ ತೆಗದೀನಿ. ಇವರದೇನೂ ತಪ್ಪಿಲ್ಲ."

ಅಧಿಕಾರಿ ಗೊಂದಲಗೊಂಡು ನಕ್ಕರು. "ಹಂಗಾದ್ರ ಶಾಲು ಚೇಳಿಗೆ ಹಾಕಬೇಕಿತ್ತು," ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಇಡೀ ಸಭೆ ಗೊಳ್ಳೆಂದಿತು. ಶಾಲು ಜಾರದಂತೆ ಹಿಡಿದುಕೊಂಡು ಅಪ್ಪನೂ ಅವರ ಜೊತೆಗೆ ನಕ್ಕ. ಮುಖ್ಯಸ್ಥರು ಕರವಸ್ತ್ರದಿಂದ ಮುಖ ಒರೆಸಿಕೊಂಡರು.

ಮೊದಲು ನನಗೆ ಅಪ್ಪನ ಬಗ್ಗೆಯೇ ನಾಚಿಕೆಯಾಯಿತು. ಆ ಟೋಪಿ, ಆ ನಗು, ಆ ಚೇಳು. ಪಕ್ಕದಲ್ಲಿ ಕೂತವಳು, "ಇವರು ನಿಮ್ಮ ತಂದೆಯವರಾ?" ಎಂದು ಕೇಳಿದಳು. ಹೌದೆಂದೆ. ಹಾಗೆ ನಾಚಿದ್ದಕ್ಕೆ ಇನ್ನೊಂದು ನಾಚಿಕೆ ಆಮೇಲೆ ಬಂತು, ಅದು ಇನ್ನೂ ಹೋಗಿಲ್ಲ.

ಅವನನ್ನು ಬಸ್ಸಿಗೆ ಹತ್ತಿಸಲು ಹೋದಾಗ ಅಪ್ಪ ಶಾಲನ್ನು ಮಡಚಿ ಮಡಚಿ ಅಂಗೈಯಗಲ ಮಾಡಿಕೊಂಡಿದ್ದ. "ನಿನ್ನ ಸಾಲಿ ಉಳೀತದಿಲ್ಲವ್ವಾ?" ಎಂದು ಕೇಳಿದ. ಅವನಿಗೆ ಬೇಕಿದ್ದದ್ದು ಅಷ್ಟೇ.

ಉಳಿಯಿತು. ಮುಂದೆ ಅದೇ ವಿಭಾಗದಲ್ಲಿ ನನಗೆ ಪಾಠ ಮಾಡುವ ಕೆಲಸವೂ ಸಿಕ್ಕಿತು. ಇವತ್ತು ನಾನು ತಿನ್ನುವ ಅನ್ನಕ್ಕೆ ಆ ಚೇಳೇ ಕಾರಣ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಆಗ ನಗು ಬರುವುದಿಲ್ಲ. ಕಟ್ಟೆಯನ್ನು ಅಪ್ಪ ಮತ್ತೆ ಕಟ್ಟಿಸಲಿಲ್ಲ. ಕಟ್ಟಿಸಿದರೆ ರಸ್ತೆ ಬರುವುದಿಲ್ಲವೆಂದು ಓಣಿಗೆ ಒಪ್ಪಿಕೊಂಡಂತೆ. ಹಾಸುಗಲ್ಲುಗಳು ಹಿತ್ತಿಲಲ್ಲೇ ಪಾಚಿಗಟ್ಟಿದವು. ಚಾಚಾ ಕೊನೆಯವರೆಗೂ ಬೇವಿನ ಕೆಳಗೇ ಹೊಲಿದ. ಅವನಿಗೆ ಎಲ್ಲ ತಿಳಿದಿತ್ತೆಂದೇ ನನ್ನ ಗುಮಾನಿ. ಒಂದು ವರ್ಷ ಆದ ಮೇಲೆ ರಸ್ತೆಯ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದ, ನನಗೆ ಮಾತ್ರ ಚಹಾ ತರಿಸುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನದೇ ಹುಡುಗರನ್ನು ಕರೆದುಕೊಂಡು ಊರೂರು ತಿರುಗತೊಡಗಿದೆ. ಬಣ್ಣ ಮುಟ್ಟಕೂಡದು, ಹಗ್ಗ ಹಿಡಿಯಬೇಕು, ಹೋದ ಕೂಡಲೇ ಇದು ಕಲಿಯುವ ಕೆಲಸವೆಂದು ಕೂಗಿ ಹೇಳಬೇಕು ಎಂದೆಲ್ಲ ಕಟ್ಟುನಿಟ್ಟು ಮಾಡಿದ್ದೆ. ಕಮಲಾಪುರವನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ಅಪ್ಪನೇ ಬೇಜಾರಾದ. "ಎಲ್ಲಾ ಊರಿಗೆ ಹೋಗ್ತಿ, ನಮ್ಮೂರು ಏನ್ ಪಾಪ ಮಾಡ್ಯದ?" ಕೊನೆಗೆ ಹೋದೆವು. ಅವ್ವ ಮತ್ತೆ ಹುಗ್ಗಿ ಮಾಡಿದಳು.

ಆ ಸಲ ಚರಂಡಿಯ ವಿಷಯ. ಅಪ್ಪನಿಗೆ ಆಗ ಕಣ್ಣಿಗೆ ಪೊರೆ ಬಂದಿತ್ತು, ಬಾಗಿಲ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಒಬ್ಬ ಹುಡುಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು: "ಮುತ್ಯಾ, ನಿಮ್ಮ ಓಣ್ಯಾಗ ಗಟಾರದ ನೀರು ಸರಳ ಹೋಗ್ತದೇನ್ರೀ?"

ಅಪ್ಪ ನಾನು ನಿಂತ ಕಡೆ ಮುಖ ತಿರುಗಿಸಿ ಕೇಳಿದ: "ಇದು ಖರೇ ಕೇಳಾಕತ್ತಾರೇನವ್ವಾ, ಕಲಿಯಾಕ ಕೇಳಾಕತ್ತಾರೇನು?"

ಚುಚ್ಚಬೇಕೆಂದು ಕೇಳಿದ್ದಲ್ಲ. ಕಲಿಯುವ ಕೆಲಸವೆಂದು ಹುಡುಗರು ಕೂಗಿದ್ದರೂ, ಪ್ರಶ್ನೆಯೂ ಹಾಗೆಯೋ ಏನೋ, ಯಾವ ಉತ್ತರ ಕೊಡಬೇಕೆಂದು ತಿಳಿಯಲು ಕೇಳಿದ್ದು, ಅಷ್ಟೇ. ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಕಲಿಯಾಕ, ಅಪ್ಪಾ," ಎಂದೆ.

"ಹಂಗಾದ್ರ ಚಲೋ ಹೋಗ್ತದಂತ ಬರಕೋ, ತಂಗಿ," ಎಂದು ಅವನು ಹುಡುಗಿಗೆ ಹೇಳಿದ.

ಹುಡುಗಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು. ಕಟ್ಟೆ ಇದ್ದ ಜಾಗದಲ್ಲಿ, ಅಪ್ಪನ ಕಾಲ ಬುಡದಲ್ಲೇ, ಗಟಾರದ ನೀರು ಹಸಿರುಗಟ್ಟಿ ನಿಂತಿತ್ತು.