ಭೂತ ಬಂಗಲೆಯ ಸಾಲಿನಲ್ಲಿ

ಆರು ಗಂಟೆಗೆ ನಲ್ಲಿ ನೀರು, ಆರೂವರೆಗೆ ಹಾಲು, ಏಳಕ್ಕೆ ಅತ್ತೆಯ ಕಾಫಿ, ಏಳೂವರೆಗೆ ತಿಂಡಿ. ನಮ್ಮ ಮನೆಯ ಬೆಳಗಿನ ಈ ಕ್ರಮ ತಪ್ಪುವುದಿಲ್ಲ. ಇವತ್ತೂ ಅದು ತಪ್ಪಲಿಲ್ಲ, ತಪ್ಪಿದ್ದು ನಾನು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ, ಕಾಫಿಗೆ ಒಂದು ಸಲವೂ ಸಕ್ಕರೆ ಹಾಕಲಿಲ್ಲ. ಅತ್ತೆ ಒಂದು ಗುಟುಕು ಕುಡಿದು, ಲೋಟವನ್ನು ದೂರ ಹಿಡಿದು ನೋಡಿ, "ಯಾಕವ್ವ, ನಂಗೂ ಸುಗರ್ ಬಂದದೆ ಅಂತ ಡಾಕ್ಟ್ರು ಏಳವ್ರಾ?" ಎಂದರು.

ಕಾರಣ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿತ್ತು. ಆಟೋದ ನೆತ್ತಿಗೆ ಎರಡು ಮೈಕು ಕಟ್ಟಿಕೊಂಡವನೊಬ್ಬ, ಎಕ್ಸಿಬಿಷನ್ ಮೈದಾನದಲ್ಲಿ ಇಂದು ಸಂಜೆಯಿಂದ ಹೊಚ್ಚ ಹೊಸ ಭೂತ ಬಂಗಲೆ, ಗುಂಡಿಗೆ ಗಟ್ಟಿ ಇದ್ದವರು ಮಾತ್ರ ಬನ್ನಿ ಎಂದು ಸಾರುತ್ತಿದ್ದ. ಆ ಬಂಗಲೆ ಹದಿನೈದು ದಿನದಿಂದ ಕಪ್ಪು ಟಾರ್ಪಾಲಿನ ಒಳಗಿತ್ತು. ಒಂದು ಮೂಲೆಯಿಂದ ಸುಣ್ಣದಂತೆ ಬೆಳ್ಳಗಿನ ಕೈಯೊಂದು ಮಾತ್ರ ಹೊರಗೆ ಚಾಚಿಕೊಂಡಿತ್ತು. ಬೇಕೆಂದೇ ಹಾಗೆ ಬಿಟ್ಟಿದ್ದರೋ, ಟಾರ್ಪಾಲು ಸಾಲದೆ ಹೋಯಿತೋ. ಊರಿನವರು ಸಂಜೆ ಹೊತ್ತು ಆ ಕೈಯನ್ನು ನೋಡಲೆಂದೇ ಹೋಗಿಬರುತ್ತಿದ್ದರು. ನಾನೂ ತರಕಾರಿಯ ನೆಪದಲ್ಲಿ ಎರಡು ಸಲ ಹೋಗಿದ್ದೆ. ಅದು ಎಡಗೈಯೋ ಬಲಗೈಯೋ ಎಂದು ಎರಡೂ ಸಲ ತಿಳಿಯಲಿಲ್ಲ.

ಮಗಳು ಅನು ಈಗ ಪಿಯುಸಿ ಎರಡನೇ ವರ್ಷ. ನಿನ್ನೆ ಜಡೆ ಬಿಚ್ಚುತ್ತಾ, ನನ್ನ ಕಡೆ ನೋಡದೆ, "ಅಮ್ಮ, ನಾಳೆ ನಾನೂ ಕಾವ್ಯನೂ ಭೂತ ಬಂಗಲೆಗೆ ಹೋಗ್ತಿದೀವಿ. ನೀನೂ ಬರ್ತೀಯಾ?" ಎಂದಳು. ಕಾವ್ಯ ಅವಳ ಜೊತೆ ಓದುವ ಹುಡುಗಿ. ನಾನು "ಹೂಂ, ಬರ್ತೀನಿ" ಎಂದುಬಿಟ್ಟೆ.

ನಿಮಗಿದು ಸಣ್ಣ ಮಾತು ಅನ್ನಿಸಬಹುದು. ಆದರೆ ಒಂಬತ್ತು ವರ್ಷದಿಂದ ಅವಳು ನನ್ನನ್ನು ಹೀಗೆ ಎಲ್ಲಿಗೂ ಕರೆದಿರಲಿಲ್ಲ. ಇಂಥದ್ದೇ ಇನ್ನೊಂದು ಬಂಗಲೆಯ ಬಾಗಿಲಿನವರೆಗೆ ಅವಳ ಕೈಹಿಡಿದು ನಡೆದು, ಅಲ್ಲಿಂದ ವಾಪಸ್ಸು ಕರೆತಂದವಳು ನಾನು. ಇವತ್ತೂ ಹಾಗೆಯೇ ಮಾಡಿದರೆ ಮೂರನೆಯ ಸಲ ಅವಳು ಕೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ಉಪ್ಪಿಟ್ಟಿಗೂ ಗೊತ್ತಿತ್ತು ಅನ್ನಿಸುತ್ತದೆ.

ನಾನು ಕಾಮಗೆರೆಯಿಂದ ಬಸ್ಸಿನಲ್ಲಿ ಬಂದು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಅಕ್ಷರಕ್ಕಿಂತ ಮೊದಲು ಕಲಿತದ್ದು ಲೈನು. ಪ್ರಾರ್ಥನೆಗೆ ಲೈನು, ಊಟಕ್ಕೆ ಲೈನು, ಕೈತೊಳೆಯಲು ಲೈನು, ಎಲ್ಲವೂ ಎತ್ತರದ ಪ್ರಕಾರ. ಮುಂದಿನವಳ ಹೆಗಲಿಗೆ ಬೆರಳ ತುದಿ ತಾಗುವಷ್ಟು ದೂರ ನಿಲ್ಲಬೇಕು. ಈಗಲೂ ಬ್ಯಾಂಕಿನಲ್ಲಿ ನಿಂತರೆ ನನ್ನ ಕೈ ತಾನಾಗಿಯೇ ಮುಂದಿನವರ ಹೆಗಲಿನ ಕಡೆಗೆ ಏಳುತ್ತದೆ, ಗದರಿ ಇಳಿಸಬೇಕಾಗುತ್ತದೆ. ಲೈನಿನ ಆ ತುದಿಯಲ್ಲಿ ಏನಿದೆ ಎಂದು ಕೇಳದೆ ನಿಲ್ಲುವುದನ್ನು ನಮಗೆ ಚೆನ್ನಾಗಿಯೇ ಕಲಿಸಿದ್ದರು. ಆ ತುದಿ ಬಂದಾಗ ಏನು ಮಾಡಬೇಕೆನ್ನುವುದು ಪಾಠದಲ್ಲಿ ಇರಲಿಲ್ಲ.

ಮದುವೆಯಾಗಿ ಕೊಳ್ಳೇಗಾಲದ ಈ ನೇಕಾರರ ಬೀದಿಗೆ ಬಂದ ಮೇಲೆ ಸಾಲಿನ ಬೇರೊಂದು ಶಾಸ್ತ್ರ ಕಂಡೆ. ಇಲ್ಲಿ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಸಾಮಾನು ನಿಲ್ಲುತ್ತದೆ. ನಲ್ಲಿಯ ಮುಂದೆ ಬಿಂದಿಗೆ, ರೇಷನ್ ಅಂಗಡಿಯ ಮುಂದೆ ಚಪ್ಪಲಿ. ಒಂದು ಗಂಟೆ ಸಾಲಿನಲ್ಲಿ ನಿಂತರೆ ಮಗ್ಗದ ಮೇಲಿನ ಸೀರೆ ಒಂದು ಗಂಟೆ ಹಿಂದೆ ಬೀಳುತ್ತದಲ್ಲ, ಅದಕ್ಕೆ ಚಪ್ಪಲಿಯನ್ನು ನಿಲ್ಲಿಸಿ ಮನೆಗೆ ಬಂದು ನೇಯುತ್ತಾರೆ. ಆ ಚಪ್ಪಲಿಯನ್ನು ಯಾರೂ ಸಾಲಿನಿಂದ ತೆಗೆಯುವುದಿಲ್ಲ. ಸಾಲು ಸರಿದರೆ ಹಿಂದಿನವರು ಅದನ್ನೂ ಕಾಲಿನಿಂದ ತಳ್ಳಿಕೊಂಡು ಮುಂದಕ್ಕೆ ಒಯ್ಯುತ್ತಾರೆ. ನನ್ನ ಅತ್ತೆ ಈ ಶಾಸ್ತ್ರದಲ್ಲಿ ಪಂಡಿತರು. ಬೀದಿಯಲ್ಲಿ ಯಾವ ಚಪ್ಪಲಿ ಯಾರದೆಂದು ಕಣ್ಣು ಹಾಯಿಸಿದರೆ ಸಾಕು, ಹೇಳಿಬಿಡುತ್ತಾರೆ.

ಒಂಬತ್ತು ವರ್ಷದ ಹಿಂದೆ ಬೀದಿಯ ಹೆಂಗಸರೆಲ್ಲ ಸೇರಿ ವ್ಯಾನು ಮಾಡಿಕೊಂಡು ಮೈಸೂರಿನ ಆಚೆ ಒಂದು ದೊಡ್ಡ ಪಾರ್ಕಿಗೆ ಹೋಗಿದ್ದೆವು. ಅಲ್ಲಿ ಭೂತ ಬಂಗಲೆ ಆಗ ತಾನೇ ತೆರೆದಿತ್ತು. ಬೇರೆ ಆಟಗಳೆಲ್ಲ ಖಾಲಿ ತಿರುಗುತ್ತಿದ್ದವು, ಪಾರ್ಕಿಗೆ ಪಾರ್ಕೇ ಇದರ ಮುಂದೆ ನಿಂತಿತ್ತು. ಎಂಟು ವರ್ಷದ ಅನು ವ್ಯಾನು ಹತ್ತಿದಾಗಿನಿಂದ ಅದೊಂದನ್ನೇ ಜಪಿಸುತ್ತಿದ್ದಳು. ಸಾಲಿನ ಬಾಯಲ್ಲಿ ಎತ್ತರ ಅಳೆಯುವ ಕಂಬ. ಅದರ ಕೆಂಪು ಗೆರೆಗೆ ಅವಳು ನಾಲ್ಕು ಬೆರಳು ಕಡಿಮೆ. ದೊಡ್ಡವರೊಬ್ಬರು ಕೈಹಿಡಿದುಕೊಂಡರೆ ಮಾತ್ರ ಒಳಗೆ ಬಿಡುತ್ತೇವೆಂದರು.

ಅತ್ತೆ ಸೆರಗು ಸಿಕ್ಕಿಸಿಕೊಂಡು, "ನಾ ಕರ್ಕಂಡ್ ಓಯ್ತೀನಿ ಬುಡು. ನಾ ಕಾಣದ್ ದೆವ್ವವಾ" ಎಂದರು. ನನಗೆ ಜೀವ ಬಂತು. ಆಮೇಲೆ ಅವರು ಸಾಲಿನ ಉದ್ದ ನೋಡಿದರು, ಬಿಸಿಲು ನೋಡಿದರು, ಅನುವಿನ ಹಿಂದೆ ತಮ್ಮ ಚಪ್ಪಲಿಯನ್ನು ಜೋಡಿಸಿ ಬಿಟ್ಟರು. "ಇದ್ನ ತಳ್ಕಂಡ್ ಬತ್ತಿರು. ಬಾಗ್ಲತ್ರ ಬತ್ತಿದ್ದಂಗೆ ಕೂಗು, ಬತ್ತೀನಿ" ಎಂದು ಹೇಳಿ, ಬರಿಗಾಲಿನಲ್ಲಿ ಹೊಂಗೆ ಮರದ ನೆರಳಿಗೆ ನಡೆದೇ ಬಿಟ್ಟರು.

ಕಾನ್ವೆಂಟಿನಲ್ಲಿ ಓದಿದ ಸೊಸೆ ಅತ್ತೆಯ ಚಪ್ಪಲಿಯನ್ನು ಕಾಲಿನಲ್ಲಿ ತಳ್ಳುತ್ತಾ ಒಂದು ಗಂಟೆ ನಡೆದ ದೃಶ್ಯವನ್ನು ನೀವು ನೋಡಬೇಕಿತ್ತು. ಹಿಂದಿನ ಕುಟುಂಬದವರು ಮೊದಲು ನಕ್ಕರು, ಆಮೇಲೆ ಅವರ ಅಜ್ಜನೂ ಒಂದೆರಡು ಸಲ ತಳ್ಳಿಕೊಟ್ಟರು.

ಆ ಸಾಲಿನ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಬಂಗಲೆ ಕಟ್ಟಿದವನಿಗಿಂತ ಸಾಲು ಕಟ್ಟಿದವನು ಜಾಣ. ಬಾಗಿಲು ಇಪ್ಪತ್ತು ಹೆಜ್ಜೆ ದೂರದಲ್ಲೇ ಕಾಣುತ್ತದೆ. ಆದರೆ ಕಬ್ಬಿಣದ ಕಂಬಿಗಳು ನಿಮ್ಮನ್ನು ಅದಕ್ಕೆ ಬೆನ್ನು ಮಾಡಿ ನಡೆಸುತ್ತವೆ, ಮತ್ತೆ ಎದುರು ತರುತ್ತವೆ, ಮತ್ತೆ ತಿರುಗಿಸುತ್ತವೆ. ಮೊದಲ ತಿರುವಿನಲ್ಲಿ 'ಇಲ್ಲಿಂದ ತೊಂಬತ್ತು ನಿಮಿಷ' ಎಂಬ ಬೋರ್ಡು. ಎರಡನೆಯದರಲ್ಲಿ ಯಾರೂ ಕೂರದ ತೂಗುಕುರ್ಚಿ ತನ್ನ ಪಾಡಿಗೆ ತೂಗುತ್ತಿತ್ತು. ಮೂರನೆಯದರಲ್ಲಿ ಹೃದ್ರೋಗಿಗಳಿಗೆ, ಬಸುರಿಯರಿಗೆ ಎಚ್ಚರಿಕೆ. ನಾನು ಅದನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಪೂರ್ತಿ ಓದಿ, ನನಗಿರುವ ಕಾಯಿಲೆ ಅದರಲ್ಲಿ ಯಾವುದಾದರೂ ಇದೆಯೇ ಎಂದು ಹುಡುಕಿದೆ. ಒಳಗೆ ಹೋದವರ ಕಿರುಚಾಟ ನಮಗೆ ಕೇಳುತ್ತಿತ್ತು. ಆದರೆ ಹೊರಬರುವ ಬಾಗಿಲು ಕಟ್ಟಡದ ಆ ಬದಿಗಿತ್ತು. ಕಿರುಚಿದ್ದು ನಮ್ಮ ಪಾಲಿಗೆ, ನಕ್ಕದ್ದು ಆ ಬದಿಯವರ ಪಾಲಿಗೆ.

ನಾಲ್ಕನೆಯ ತಿರುವಿನಲ್ಲಿ ನಾನು ತೂಗುಕುರ್ಚಿಯನ್ನೇ ತಿರುಗಿ ನೋಡುತ್ತಿದ್ದಾಗ, ಉದ್ದ ಹಿಡಿಯ ಪೊರಕೆ ಹಿಡಿದ ಹೆಂಗಸೊಬ್ಬರು ಬಂದು ಐಸ್‌ಕ್ರೀಮ್ ಕಡ್ಡಿ, ಚಿಪ್ಸ್ ಪೊಟ್ಟಣಗಳ ಜೊತೆಗೆ ಅತ್ತೆಯ ಚಪ್ಪಲಿಯನ್ನೂ ಗುಡಿಸಿಕೊಂಡು ಹೋದರು. ತಿರುಗುವಷ್ಟರಲ್ಲಿ ಅನುವಿನ ಹಿಂದೆ ಬರೀ ಸಿಮೆಂಟು ನೆಲ.

ಕೂಗಿದೆ. ಅತ್ತೆ ಓಡಿ ಬಂದರು. ಕಂಬಿಯ ಹೊರಗೆ ಸಮವಸ್ತ್ರದವನೊಬ್ಬ ಕೈ ಅಡ್ಡ ಹಿಡಿದ. "ಅಮ್ಮಾ, ಹಿಂದಿನಿಂದ ಬನ್ನಿ."

"ಇಂದೆಯಿಂದ ಯಾಕಪ್ಪ? ಒಂದ್ ಗಂಟೆಯಿಂದ ನನ್ ಚಪ್ಲಿ ನಿಂತಿತ್ತು ಕಣಪ್ಪ ಇಲ್ಲಿ. ಕೇಳು ಇವ್ರ್‌ನೆಲ್ಲಾವ."

"ಚಪ್ಲಿಗೆ ಜಾಗ ಇಲ್ಲಮ್ಮ, ಮನುಷ್ಯರಿಗೆ ಮಾತ್ರ."

"ಚಪ್ಲಿ ನಿಂತಿದ್ರೆ ನಾ ನಿಂತಂಗೆಯ. ನಿಮ್ಮೂರಲ್ಲಿ ನಲ್ಲಿ ನೀರ್ ಇಡಿಯಕಿಲ್ವಾ?"

ಹಿಂದಿನ ಅಜ್ಜ ಸಾಕ್ಷಿ ಹೇಳಿದರು. ಆದರೂ ಆತ ಕೈ ಇಳಿಸಲಿಲ್ಲ. ಒಬ್ಬರನ್ನು ನಡುವೆ ಬಿಟ್ಟರೆ ಇಷ್ಟು ಜನವನ್ನು ಹೇಗೆ ಹಿಡಿಯುವುದು ಎನ್ನುವುದು ಅವನ ಚಿಂತೆ, ತಪ್ಪೇನಿಲ್ಲ. ಅತ್ತೆ ಚಪ್ಪಲಿ ಹುಡುಕಿಕೊಂಡು ಕಸದ ಗಾಡಿಯ ಕಡೆ ಹೋದರು. ಸಾಲಿನಲ್ಲಿ ಅನುವಿನ ಪಾಲಿಗೆ ದೊಡ್ಡವರೆಂದು ಉಳಿದವಳು ನಾನೊಬ್ಬಳೇ.

ಬಾಗಿಲು ಬಂತು. ಕಪ್ಪು ಪರದೆ, ಅದರ ಕೆಳಗಿನಿಂದ ತಣ್ಣನೆಯ ಗಾಳಿ. ಅನು ನನ್ನ ಕೈಹಿಡಿದು ಎಳೆದಳು. ಪಕ್ಕದಲ್ಲಿ ಚಿಕ್ಕದೊಂದು ಹಸಿರು ಬಾಗಿಲಿತ್ತು, ಕೊನೆಯ ಗಳಿಗೆಯಲ್ಲಿ ಬೇಡವೆನ್ನುವವರಿಗಾಗಿ. ಅಲ್ಲಿದ್ದ ಹುಡುಗಿ ನನ್ನ ಮುಖ ನೋಡಿ ಬಹಳ ಮರ್ಯಾದೆಯಿಂದ, "ಮೇಡಂ, ಬೇಕಾದ್ರೆ ಇಲ್ಲಿಂದ ಹೋಗ್ಬಹುದು" ಎಂದಳು. ಅಷ್ಟು ಮರ್ಯಾದೆಯಿಂದ ಹೇಳಿರದಿದ್ದರೆ ನಾನು ಒಳಗೆ ಹೋಗುತ್ತಿದ್ದೆನೇನೋ. ಹಸಿರು ಬಾಗಿಲಿನಿಂದ ಹೊರಗೆ ಬಂದಾಗ ಅನುವಿನ ಕೈ ಇನ್ನೂ ನನ್ನ ಕೈಯಲ್ಲಿತ್ತು. ಆದರೆ ಎಳೆಯುತ್ತಿರಲಿಲ್ಲ.

ಅವಳು ಅಳಲಿಲ್ಲ. "ಪರವಾಗಿಲ್ಲ ಅಮ್ಮ" ಎಂದಳು, ಅಷ್ಟೇ. ವ್ಯಾನಿನಲ್ಲಿ ಅತ್ತೆ, ಕಸದಿಂದ ಎತ್ತಿ ತೊಳೆದ ಚಪ್ಪಲಿಯನ್ನು ಕಿಟಕಿಗೆ ಒಣಹಾಕಿ, "ಎಲ್ಡ್ ಎಜ್ಜೆ ಇಟ್ಟಿದ್ರೆ ನಿನ್ ಗಂಟೇನವ್ವ ಓಗದು? ಮಗೀನ್ ಮಕ ನೋಡು" ಎಂದರು. ನಾನು ಮುಖ ನೋಡಲಿಲ್ಲ. ಆಮೇಲೆ ಆ ಪರವಾಗಿಲ್ಲ ನಮ್ಮ ಮನೆಯಲ್ಲೇ ಉಳಿದುಬಿಟ್ಟಿತು. ಹಲ್ಲು ಕೀಳಿಸಲು ಹೋದಾಗ, ಈಜು ಕಲಿಯಲು ಹೋದಾಗ, ಹತ್ತನೇ ಕ್ಲಾಸಿನ ಮೊದಲ ಪರೀಕ್ಷೆಯ ಬೆಳಿಗ್ಗೆ, ನಾನು ಸೀರೆ ಉಟ್ಟು ಸಿದ್ಧವಾಗಿ ನಿಂತರೂ ಅವಳು, "ಪರವಾಗಿಲ್ಲ ಅಮ್ಮ, ಅಜ್ಜಿ ಬರ್ತಾರೆ" ಎನ್ನುತ್ತಿದ್ದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳವಾಡಬಹುದಿತ್ತು.

ಈಗ ಅತ್ತೆಗೆ ಮಂಡಿ ನೋವು, ಜಗುಲಿ ಬಿಟ್ಟು ಇಳಿಯುವುದಿಲ್ಲ. ಅನು ನನ್ನನ್ನು ಕೇಳಿದ್ದು ಅದಕ್ಕೇ ಇರಬಹುದು ಎಂಬ ಅನುಮಾನವೂ ಬೆಳಗಿನಿಂದ ನನ್ನ ಜೊತೆ ಮನೆಯೆಲ್ಲ ತಿರುಗಿತು. ಮಧ್ಯಾಹ್ನ ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ. ಮೂರು ಸೀರೆ ತೆಗೆದು, ಓಡಲು ಅನುಕೂಲವಾದದ್ದು ಯಾವುದೆಂದು ಯೋಚಿಸಿ, ಓಡುವ ಮಾತು ಯಾಕೆ ಬಂತೆಂದು ನಾಚಿ, ನಾಲ್ಕನೆಯದನ್ನು ಉಟ್ಟೆ.

ಐದೂವರೆಗೆ ಮೈದಾನದಲ್ಲಿದ್ದೆವು. ಟಾರ್ಪಾಲು ಇಳಿದಿತ್ತು. ಇಲ್ಲಿ ಕಬ್ಬಿಣದ ಕಂಬಿಗಳಿಲ್ಲ. ನಾಲ್ಕು ಬಿದಿರು, ಒಂದು ಹಗ್ಗ, ಒಬ್ಬ ಮೈಕಿನವನು. ಒಂದು ಸಲಕ್ಕೆ ಇಬ್ಬರನ್ನೇ ಒಳಗೆ ಬಿಡುತ್ತಿದ್ದರು. "ಸಾಲಲ್ ಬನ್ನಿ ಸಾ, ನುಗ್ಬೇಡಿ ಕಣ್ರಿ, ದೆವ್ವ ಎಲ್ಲೂ ಓಗಕಿಲ್ಲ" ಎಂದು ಅವನು ಹೇಳಿದಷ್ಟೂ ಜನ ನುಗ್ಗುತ್ತಿದ್ದರು. ನಮ್ಮ ಮುಂದೆ ಕೌದಳ್ಳಿಯಿಂದ ಟೆಂಪೋದಲ್ಲಿ ಬಂದವರು. ಅವರಲ್ಲೊಬ್ಬ ತನ್ನ ಹೆಂಡತಿಗೆ, "ನಮ್ಮೂರ್ ರೋಡಲ್ಲಿ ದಿಟವಾದ್ ಆನೇನೇ ಅಡ್ಡ ನಿಂತ್ಕತದೆ. ಇಲ್ಲಿಗಂಟ ಬಂದು ಟಿಕೀಟ್ ತಕಂಡು ಎದರ್ಕಬೇಕಾ?" ಎಂದ. "ಆನೆ ನೋಡ್ದಾಗ ಟೆಂಪೋ ಅಡೀಗ್ ನುಗ್ದೋರ್ ಯಾರು, ಅದ್ನೂ ಏಳು" ಎಂದಳು ಆಕೆ. ಸುತ್ತಲಿನವರೆಲ್ಲ ನಕ್ಕರು. ನಾನು ನಮ್ಮ ಮುಂದಿನ ತಲೆಗಳನ್ನು ಎಣಿಸುತ್ತಿದ್ದೆ.

ಮುಂದೆ ಆರೇಳು ಜನ ಉಳಿದಿದ್ದಾಗ ಅನು ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖವನ್ನು ಅವಳು ಚೆನ್ನಾಗಿ ಓದಬಲ್ಲಳು, ನಾನೇ ಕಲಿಸಿದ್ದು. ಕಿವಿಯ ಹತ್ತಿರ ಬಗ್ಗಿ, ಈಗ ಅವಳು ಬಗ್ಗಬೇಕು, "ಅಮ್ಮ, ಆಗಲ್ಲ ಅನ್ಸಿದ್ರೆ ನೀನು ಹೊರಗೇ ಇರು, ಪರವಾಗಿಲ್ಲ. ಕಾವ್ಯಂಗೆ ಹೇಳಿದೀನಿ, ನೀನು ಹೋದ್ರೆ ನನ್ ಜೊತೆಗೆ ಅವಳು ಬರ್ತಾಳೆ" ಎಂದಳು.

ತಿರುಗಿ ನೋಡಿದೆ. ಇಷ್ಟು ಹೊತ್ತೂ ಕಾವ್ಯ ನಮ್ಮ ಜೊತೆ ನಿಲ್ಲದೆ, ಸರಿಯಾಗಿ ನನ್ನ ಬೆನ್ನ ಹಿಂದೆ ಯಾಕೆ ನಿಂತಿದ್ದಾಳೆಂದು ಆಗ ಹೊಳೆಯಿತು. ನಾನು ಬಿಟ್ಟು ಹೋಗಲಿರುವ ಜಾಗಕ್ಕೆ ಆಗಲೇ ಆಳು ನಿಂತಾಗಿತ್ತು. ಆ ಹುಡುಗಿ ಏನೂ ಗೊತ್ತಿಲ್ಲದವಳ ಹಾಗೆ ಆಕಾಶ ನೋಡುತ್ತಿದ್ದಳು.

ನನ್ನ ಕಾಲು ಒಳಗೆ ಹೋದದ್ದು ಧೈರ್ಯದಿಂದಲ್ಲ ಎಂದು ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಅವಮಾನದಿಂದಲೂ ಅಲ್ಲ ಅನ್ನಿಸುತ್ತದೆ. ಆ ಜಾಗ ನನ್ನದು ಎಂದು ಇದ್ದಕ್ಕಿದ್ದಂತೆ ಹಟ ಬಂತು. ಪರದೆ ಎತ್ತಿದರು, ಹೋದೆ.

ಒಳಗೆ ಕತ್ತಲು. ಮುಖಕ್ಕೆ ಒದ್ದೆ ದಾರಗಳು ತಾಗಿದವು. ಎಲ್ಲೋ ತಗಡು ಬಡಿಯಿತು. ಏನೋ ಒಂದು ನನ್ನ ಕಣಕಾಲನ್ನು ಹಿಡಿದುಕೊಂಡಿತು. ಕಾನ್ವೆಂಟಿನ ಬೆಳಗಿನ ಪ್ರಾರ್ಥನೆ ಇಂಗ್ಲಿಷಿನಲ್ಲೇ ನನ್ನ ಬಾಯಿಂದ ಹೊರಟಿತು, ಅಷ್ಟು ಗಟ್ಟಿಯಾಗಿ ಶಾಲೆಯಲ್ಲೂ ನಾನು ಹೇಳಿದವಳಲ್ಲ. ಕಾಲು ಹಿಡಿದ ಕೈ ಗಾಬರಿಯಿಂದ ಬಿಟ್ಟುಬಿಟ್ಟಿತು. ಅರ್ಧ ದಾರಿ ಕಣ್ಣು ಮುಚ್ಚಿಯೇ ನಡೆದೆ, ಆದ್ದರಿಂದ ಅಲ್ಲಿ ಇನ್ನೇನೇನಿತ್ತು ಎಂದು ನನ್ನನ್ನು ಕೇಳಬೇಡಿ. ಗೊತ್ತಾದದ್ದು ಒಂದೇ. ಯಾವುದೋ ಬೆಳಕು ಫಕ್ಕನೆ ಹೊತ್ತಿ ಆರಿದಾಗ ಅನು ಕಿರುಚಿ, ನನ್ನ ಸೆರಗನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡಳು. ಹೊರಗೆ ಬರುವವರೆಗೂ ಬಿಡಲಿಲ್ಲ.

ಹೊರಗೆ ಇನ್ನೂ ಬೆಳಕಿತ್ತು, ಮೆಣಸಿನಕಾಯಿ ಬಜ್ಜಿಯ ವಾಸನೆ. ಕಾವ್ಯ ಮುಂದಿನ ಸರದಿಯಲ್ಲಿ ಒಳಹೊಕ್ಕು, ಹಿಂದೆಯೇ ಓಡಿ ಬಂದು, "ಹೆಂಗಿತ್ತೇ?" ಎಂದು ಅವಳನ್ನು ಕೇಳಿದಳು. "ಅಮ್ಮ ಬಂದ್ರು ಕಣೆ" ಎಂದಳು ಅನು. ದೆವ್ವದ ಸುದ್ದಿ ಆಮೇಲೆ ಹೇಳಿದಳು.

ಬೀದಿಯಲ್ಲಿ ದೀಪ ಹತ್ತುವ ಹೊತ್ತು. ಎದುರು ಮನೆಯ ಮಹದೇವಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ, "ಈಗ್ ಬಂದ್ರಾ? ಎಲ್ಡೇ ನಿಮ್ಸದ್ದಂತಲ್ಲ ಅದು" ಎಂದರು. "ಇಷ್ಟೊತ್ ಬೇಕಾಯ್ತಾ ನಿಮ್ಗೆ?"